ಮಿದುಳಿನಲ್ಲಿ ಮಾತಿನ ನೆಲೆ



ಸಾಹಿತಿಗಳನ್ನೂ ವಿದ್ವಾಂಸರನ್ನೂ ಕರೆಯುವ ಈ ವೇದಿಕೆಗೆ ಈ ಸಲ ಒಬ್ಬ ವಾಕ್ ಚಿಕಿತ್ಸಕಿಯನ್ನು ಕರೆದಿದ್ದೀರಿ. ಲಕ್ವ ಹೊಡೆದು, ತಲೆಗೆ ಪೆಟ್ಟು ಬಿದ್ದು, ಮಿದುಳಿನಲ್ಲಿ ಗಡ್ಡೆ ಬೆಳೆದು ಮಾತು ಹೋದವರ ನಡುವೆ ಕೆಲಸ ಮಾಡುವವಳು ನಾನು. ರೋಗಿಯನ್ನು ಕರೆತಂದ ಮನೆಯವರು ಮೊದಲ ದಿನ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಒಂದು ಮಾತು ಕೇಳುತ್ತಾರೆ: "ಇವರಿಗೆ ತಲೆ ಸರಿ ಇದೆಯಾ ಮೇಡಂ? ನಾವು ಹೇಳೋದು ಗೊತ್ತಾಗತ್ತಾ?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಅವರಿಗೆ ನಂಬಿಕೆ ಬರುವುದಿಲ್ಲ. ಮಿದುಳು ಹೇಗಿದೆ, ಮಾತು ಅದರಲ್ಲಿ ಎಲ್ಲಿದೆ ಎಂದು ಸ್ವಲ್ಪ ಬಿಡಿಸಿ ಹೇಳಲೇಬೇಕು. ಹೊರರೋಗಿ ವಿಭಾಗದ ಗಲಾಟೆಯಲ್ಲಿ ಸಾವಧಾನವಾಗಿ ಹೇಳಲಾಗದ ಆ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ.

ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಮೈತೂಕದಲ್ಲಿ ಅದರ ಪಾಲು ಶೇ. 2ರಷ್ಟು, ಸುಮ್ಮನೆ ಕುಳಿತಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಮಾತ್ರ ಶೇ. 20ರಷ್ಟು ಅದಕ್ಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳಿನ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಒಮ್ಮೆ ಹೋಗಿ ಬನ್ನಿ. ಅಲ್ಲಿರುವವು ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮಿದುಳುಗಳು. ತಲೆಬುರುಡೆಯೊಳಗಿನ ಜೀವಂತ ಮಿದುಳು ಗಿಣ್ಣಿನಷ್ಟು ಮೆತ್ತಗಿರುತ್ತದೆ; ತನ್ನ ಭಾರವನ್ನು ತಾನೇ ಹೊರಲಾರದೆ ಸುತ್ತಲಿನ ತಿಳಿದ್ರವದಲ್ಲಿ ತೇಲುತ್ತಿರುತ್ತದೆ.

ಕೆಳಗಡೆ, ಮಿದುಳುಬಳ್ಳಿಗೆ ಸೇರುವಲ್ಲಿ ಮಿದುಳುಕಾಂಡವಿದೆ. ಉಸಿರಾಟ, ಎದೆಬಡಿತ, ನುಂಗುವಿಕೆ ಅದರ ಹೊಣೆ. ಅದರ ಹಿಂದೆ ಕಿರುಮಿದುಳು. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೋ-ಹೌಜೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ; ಅವುಗಳಲ್ಲಿ 6,900 ಕೋಟಿಯಷ್ಟು ಈ ಪುಟ್ಟ ಕಿರುಮಿದುಳಿನಲ್ಲೇ ಇವೆ. ತುಟಿ, ನಾಲಗೆ, ಗಂಟಲುಗಳ ಚಲನೆ ಒಂದಕ್ಕೊಂದು ಹೊಂದಿ ನಡೆಯುವುದು ಇದರಿಂದ. ಇವೆರಡರ ಮೇಲೆ ಹರಡಿಕೊಂಡಿರುವುದು ಮಹಾಮಿದುಳು. ಅದರ ಹೊರಪದರ, ಅಂದರೆ ಕಾರ್ಟೆಕ್ಸ್, 2ರಿಂದ 4 ಮಿಲಿಮೀಟರ್ ದಪ್ಪ ಮಾತ್ರ. ಆ ಹಾಳೆಯಲ್ಲಿ ಸುಮಾರು 1,600 ಕೋಟಿ ನರಕೋಶಗಳಿವೆ. ಬುರುಡೆಯೊಳಗೆ ಹಿಡಿಸಲೆಂದು ಅದು ಮಡಿಕೆ ಮಡಿಕೆಯಾಗಿದೆ. ಮೂರರಲ್ಲಿ ಎರಡು ಪಾಲು ಸಂದುಗಳ ಒಳಗೆ ಅಡಗಿದೆ.

ಮಹಾಮಿದುಳು ಎರಡು ಹೋಳು. ಸುಮಾರು 20 ಕೋಟಿ ನರತಂತುಗಳ ದಪ್ಪ ಸೇತುವೆ ಅವನ್ನು ಜೋಡಿಸುತ್ತದೆ. ಪ್ರತಿ ಹೋಳಿನಲ್ಲೂ ಹಣೆಯ ಹಿಂದೆ ಫ್ರಾಂಟಲ್, ನೆತ್ತಿಯ ಕೆಳಗೆ ಪರೈಟಲ್, ಕಿವಿಯ ಮಟ್ಟದಲ್ಲಿ ಟೆಂಪೊರಲ್, ಹಿಂದಲೆಯಲ್ಲಿ ಆಕ್ಸಿಪಿಟಲ್ ಎಂಬ ನಾಲ್ಕು ಹಾಲೆಗಳು. ಕಣ್ಣಿನ ಹೊರಕೊನೆಯಿಂದ ಕಿವಿಯ ಮೇಲೆ ಹಾದು ಹಿಂದಕ್ಕೆ ಬೆರಳೆಳೆಯಿರಿ. ಎಡಗಡೆ ನೀವು ಎಳೆದ ಆ ಗೆರೆಯ ಒಳಗೆ ಸಿಲ್ವಿಯನ್ ಬಿರುಕು ಎಂಬ ಆಳವಾದ ಸಂದು ಇದೆ. ಮಾತಿಗೆ ಬೇಕಾದ ಮುಖ್ಯ ಭಾಗಗಳೆಲ್ಲ ಅದರ ಮೇಲೆ ಕೆಳಗೆ, ಅದರ ದಡದಲ್ಲೇ ಇವೆ. ಮಧ್ಯ ಮಿದುಳು ಅಪಧಮನಿ ಎಂಬ ಒಂದೇ ರಕ್ತನಾಳ ತನ್ನ ಕವಲುಗಳಿಂದ ಆ ದಡಗಳಿಗೂ, ಬಲಗೈ ಮತ್ತು ಮುಖದ ಬಲಭಾಗವನ್ನು ಆಡಿಸುವ ಪಟ್ಟಿಗೂ ರಕ್ತ ಒದಗಿಸುತ್ತದೆ. ಎಡ ಮಿದುಳು ಬಲ ಮೈಯನ್ನು ಆಳುತ್ತದಲ್ಲ! ಎಡಗಡೆ ಆ ನಾಳ ಕಟ್ಟಿಕೊಂಡಾಗ ಬಲಗೈ ಬಿದ್ದುಹೋಗುವುದೂ ಮಾತು ನಿಲ್ಲುವುದೂ ಒಟ್ಟೊಟ್ಟಿಗೆ ಆಗುವುದು ಇದೇ ಕಾರಣಕ್ಕೆ. "ಬಲಗಡೆ ಲಕ್ವ ಹೊಡೆದರೆ ಮಾತೂ ಹೋಗುತ್ತದೆ" ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುವುದರ ಹಿಂದೆ ಸರಿಯಾದ ಅವಲೋಕನವಿದೆ.

ಈ ತಿಳಿವಳಿಕೆ ಪಕ್ಕಾ ಆದದ್ದು ಪ್ಯಾರಿಸ್ ಬಳಿಯ ಬಿಸೆತ್ರ ಆಸ್ಪತ್ರೆಯಲ್ಲಿ, ಒಬ್ಬ ರೋಗಿಯಿಂದ. ಹೆಸರು ಲುಯಿ ವಿಕ್ಟರ್ ಲೆಬೋರ್ನ್. ಬೂಟು ಹೊಲಿಯಲು ಬೇಕಾಗುವ ಮರದ ಅಚ್ಚು ಮಾಡುವುದು ಅವನ ಕಸುಬು. ಎಳೆಯ ವಯಸ್ಸಿನಿಂದ ಮೂರ್ಛೆರೋಗವಿತ್ತು. ಮೂವತ್ತರ ಹೊತ್ತಿಗೆ ಮಾತು ನಿಂತಿತು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು "ತಾನ್, ತಾನ್" ಎಂಬ ಒಂದೇ ಸದ್ದು. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಆ ಹೆಸರಿನಿಂದಲೇ ಕರೆದರು. ಕೆಲವು ವರ್ಷಗಳ ನಂತರ ಬಲಗೈ, ಆಮೇಲೆ ಬಲಗಾಲು ಬಿದ್ದುಹೋದವು. 1861ರ ಏಪ್ರಿಲ್ 11ರಂದು, ಕಾಲು ಕೊಳೆಯುತ್ತಿದ್ದ ಸ್ಥಿತಿಯಲ್ಲಿ ಅವನನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾನ ವಾರ್ಡಿಗೆ ತಂದರು.

ನನ್ನ ವಿದ್ಯಾರ್ಥಿಗಳಿಗೆ ನಾನು ಪಾಠ ಶುರುಮಾಡುವುದು ಇಲ್ಲಿಂದ. ಎಷ್ಟು ವರ್ಷದಿಂದ ಇಲ್ಲಿದ್ದೀಯ ಎಂದು ಬ್ರೋಕಾ ಕೇಳಿದ. ಲೆಬೋರ್ನ್ ಎಡಗೈಯ ಐದೂ ಬೆರಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಆಮೇಲೆ ಒಂದೇ ಬೆರಳು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಮರುದಿನ ಬ್ರೋಕಾ ಅದೇ ಪ್ರಶ್ನೆ ಕೇಳಿದಾಗ ಅದೇ ಉತ್ತರ ಬಂತು. ಮತ್ತೊಮ್ಮೆ ಕೇಳಿದಾಗ ಇವರು ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದು ಅವನಿಗೆ ಹೊಳೆಯಿತು; ಸಿಟ್ಟು ನೆತ್ತಿಗೇರಿ, ದೇವರ ಹೆಸರು ಹಿಡಿದು ಸ್ಪಷ್ಟವಾಗಿ ಒಂದು ಬೈಗುಳ ಬೈದ. "ತಾನ್" ಬಿಟ್ಟು ಬೇರೆ ಮಾತು ಬ್ರೋಕಾನ ಕಿವಿಗೆ ಬಿದ್ದದ್ದು ಅದೊಂದೇ ಸಲ. ಇಪ್ಪತ್ತೊಂದು ವರ್ಷ ಮಾತಿಲ್ಲದೆ ಕಳೆದಿದ್ದ ಮನುಷ್ಯನೊಳಗೆ ಲೆಕ್ಕವಿತ್ತು, ನೆನಪಿತ್ತು, ಸ್ವಾಭಿಮಾನವಿತ್ತು. ಮನೆಯವರು ಕೇಳುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡ. ಮರುದಿನವೇ ಬ್ರೋಕಾ ಅವನ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟು ತೋರಿಸಿದ. ಎಡ ಫ್ರಾಂಟಲ್ ಹಾಲೆಯ ಕೆಳಗಿನ ಮಡಿಕೆಯ ಹಿಂಭಾಗ ಹಾಳಾಗಿತ್ತು. ಅದೇ ವರ್ಷ ಲೆಲಾಂಗ್ ಎಂಬ ವೃದ್ಧನ ಮಿದುಳಿನಲ್ಲೂ ಅದೇ ಜಾಗದಲ್ಲಿ ಹಾನಿ ಕಂಡಿತು. ಅಂಥವೇ ಹಲವು ಪ್ರಕರಣಗಳು ಸೇರಿದ ಮೇಲೆ 1865ರಲ್ಲಿ ಬ್ರೋಕಾ ನಾವು ಮಾತಾಡುವುದು ಎಡ ಅರ್ಧಗೋಳದಿಂದ ಎಂದು ಸಾರಿದ. ಮಾಂಟ್‌ಪೆಲಿಯೇ ಪ್ರದೇಶದ ವೈದ್ಯ ಮಾರ್ಕ್ ಡಾಕ್ಸ್ 1836ರಷ್ಟು ಹಿಂದೆಯೇ ಇದನ್ನು ಗಮನಿಸಿ ಬರೆದಿಟ್ಟಿದ್ದ. ಅವನ ಮಗ ಅದನ್ನು ಅಚ್ಚು ಹಾಕಿಸುವ ಹೊತ್ತಿಗೆ ಕೀರ್ತಿ ಬ್ರೋಕಾನಿಗೆ ಸಂದಿತ್ತು. ಬಲಗೈ ಬಳಸುವವರಲ್ಲಿ ಶೇ. 95ರಷ್ಟು ಮಂದಿಗೆ, ಎಡಚರಲ್ಲೂ ಸುಮಾರು ಶೇ. 70 ಮಂದಿಗೆ ಭಾಷೆಯ ಮುಖ್ಯ ಹೊಣೆ ಎಡ ಮಿದುಳಿನದೇ ಎಂದು ಇಂದು ನಮಗೆ ಗೊತ್ತಿದೆ. ಎಡ ಮಿದುಳಿನವರು ತರ್ಕಿಗಳು, ಬಲ ಮಿದುಳಿನವರು ಕಲಾವಿದರು ಎಂಬ ಜನಪ್ರಿಯ ಮಾತಿಗೆ ಮಾತ್ರ ಇದರಿಂದ ಯಾವ ಆಧಾರವೂ ಸಿಗುವುದಿಲ್ಲ.

ಎಡ ಮಿದುಳು ಹಿಡಿದಿಟ್ಟುಕೊಂಡಿರುವುದು ಬಾಯಿಮಾತಿನ ಸದ್ದನ್ನೋ, ಭಾಷೆಯನ್ನೋ? ಇದಕ್ಕೆ ಉತ್ತರ ಕೊಟ್ಟವರು ಕಿವುಡರು. ಅಮೆರಿಕದ ಉರ್ಸುಲಾ ಬೆಲ್ಲುಗಿ, ಎಡ್ವರ್ಡ್ ಕ್ಲಿಮಾ, ಹೋವರ್ಡ್ ಪಾಯ್ಜ್ನರ್ ಮೂವರೂ 1980ರ ದಶಕದಲ್ಲಿ ಸನ್ನೆಭಾಷೆ ಬಳಸುವ ಕಿವುಡರಲ್ಲಿ ಮಿದುಳಿನ ಹಾನಿಯನ್ನು ಅಭ್ಯಸಿಸಿದರು. ಎಡ ಮಿದುಳಿಗೆ ಪೆಟ್ಟು ಬಿದ್ದವರ ಸನ್ನೆಭಾಷೆಯ ವ್ಯಾಕರಣ ಕೆಟ್ಟಿತ್ತು; ಹಲ್ಲುಜ್ಜುವಂತೆ ಅಭಿನಯಿಸಿ ತೋರಿಸುವ ಸಾಮಾನ್ಯ ಕೈಚಲನೆ ಉಳಿದಿರುವುದೂ ಕಂಡಿತು. ಬಲಗಡೆ ಪೆಟ್ಟು ಬಿದ್ದವರಲ್ಲಿ ಜಾಗದ ಅಂದಾಜು ತಪ್ಪಿದ್ದರೂ ಸನ್ನೆಯ ವ್ಯಾಕರಣ ಉಳಿದಿತ್ತು. ಕೈಯಿಂದ ಆಡಿದರೂ ಬಾಯಿಂದ ಆಡಿದರೂ ಭಾಷೆಯ ನೆಲೆ ಒಂದೇ.

ಬ್ರೋಕಾನ ಜಾಗದಿಂದ ಹಿಂದಕ್ಕೆ ಹೋಗೋಣ. 1874ರಲ್ಲಿ ಬ್ರೆಸ್ಲೌ ನಗರದ 26 ವರ್ಷದ ವೈದ್ಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯ ರೋಗಿಗಳನ್ನು ವರ್ಣಿಸಿದ. ಇವರ ಮಾತು ನಿಲ್ಲುವುದಿಲ್ಲ, ಸರಾಗವಾಗಿ ಹರಿಯುತ್ತದೆ. ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಎದುರಿನವರ ಮಾತು ಇವರಿಗೆ ತಿಳಿಯುವುದೂ ಕಷ್ಟ. ಇವರಲ್ಲಿ ಹಾನಿಯಾಗಿರುವುದು ಎಡ ಟೆಂಪೊರಲ್ ಹಾಲೆಯ ಮೇಲಿನ ಮಡಿಕೆಯ ಹಿಂಭಾಗದಲ್ಲಿ.

ಕನ್ನಡದಲ್ಲಿ ಇವೆರಡರ ವ್ಯತ್ಯಾಸ ಹೇಗೆ ಕೇಳಿಸುತ್ತದೆ ಎಂದು ಒಂದು ಮಾದರಿ ಕೊಡುತ್ತೇನೆ. ಆಸ್ಪತ್ರೆಗೆ ಹೇಗೆ ಬಂದಿರಿ ಎಂದು ಕೇಳಿದರೆ ಮೊದಲ ಬಗೆಯವರು ಬೆವರಿಳಿಸಿಕೊಂಡು, "ಮಗ... ಬಸ್ಸು... ಬೆಳಿಗ್ಗೆ... ಬಸ್ಸು" ಎನ್ನುತ್ತಾರೆ. ಹೇಳಬೇಕಾದ್ದೆಲ್ಲ ಅಲ್ಲಿದೆ, ಪೋಣಿಸುವ ದಾರ ಇಲ್ಲ. ಎರಡನೆಯ ಬಗೆಯವರು ನಗುಮುಖದಿಂದ, "ಅದೇ ತರಡಿಯಲ್ಲಿ ಇಟ್ಟುಬಿಟ್ಟರಲ್ಲ, ಮಣಕವನ್ನು ನಾನೇ ಬೇಡ ಅಂದೆ, ಆದರೂ ಕೊಳವಿದರು" ಎನ್ನುತ್ತಾರೆ. ತರಡಿ, ಮಣಕ, ಕೊಳವು ಇವು ಅವರ ಮಾತಿನಲ್ಲಿ ಹೊರಗಿನವರಿಗೆ ಅರ್ಥವಾಗದ ಪದಗಳು. ಆದರೂ ನೋಡಿ, 'ಅಲ್ಲಿ', 'ಅನ್ನು', 'ಇದರು' ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿವೆ. ಇಂಥವರನ್ನು ಹುಚ್ಚು ಹಿಡಿದಿದೆ ಎಂದು ಮನೆಯವರು ದೇವಸ್ಥಾನ, ದರ್ಗಾ ಸುತ್ತಿಸುತ್ತಾರೆ. ಅಮೂಲ್ಯವಾದ ವಾರಗಳು ಹೀಗೆ ಕಳೆದುಹೋಗುವುದನ್ನು ನೋಡಿ ನನಗೆ ಸಂಕಟವಾಗಿದೆ.

ಮೊದಲ ಬಗೆಯವರಿಗೆ ಎಲ್ಲವೂ ಅರ್ಥವಾಗುತ್ತದೆ ಎಂದು ಬಹುಕಾಲ ನಂಬಿದ್ದರು. ಹಾಗಿಲ್ಲ. "ಹುಡುಗ ಹುಡುಗಿಯನ್ನು ತಳ್ಳಿದ" ಎಂದರೆ ಸರಿಯಾದ ಚಿತ್ರ ತೋರಿಸುತ್ತಾರೆ. "ಹುಡುಗನನ್ನು ಹುಡುಗಿ ತಳ್ಳಿದಳು" ಎಂದಾಗ ತಡವರಿಸುತ್ತಾರೆ; ವಾಕ್ಯದಲ್ಲಿ ಮೊದಲು ಬಂದವನೇ ಕೆಲಸ ಮಾಡಿದವನು ಎಂದು ಊಹಿಸಿಬಿಡುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಕರ್ಮಣಿ ಪ್ರಯೋಗದಿಂದ ಪರೀಕ್ಷಿಸುವುದು ರೂಢಿ. ನಮ್ಮ ಆಡುಮಾತಿನಲ್ಲಿ ಕರ್ಮಣಿ ಅಪರೂಪ. 'ತಳ್ಳಲ್ಪಟ್ಟನು' ಎಂದು ಕೇಳಿದರೆ ಲಕ್ವ ಹೊಡೆಯದವರೂ ಕಣ್ಣು ಕಣ್ಣು ಬಿಡುತ್ತಾರೆ. ಕನ್ನಡದಲ್ಲಿ ಭಾರ ಹೊರುವುದು ವಿಭಕ್ತಿ ಪ್ರತ್ಯಯ ಮತ್ತು ಕ್ರಿಯಾಪದದ ಕೊನೆ. ಪರೀಕ್ಷೆ ಅಲ್ಲಿ ನಡೆಯಬೇಕು.

ವ್ಯಾಕರಣ ಹೋದರೆ ಯೋಚನೆ ಉಳಿಯುತ್ತದೆಯೇ? ಇಂಗ್ಲೆಂಡಿನ ರೋಸ್‌ಮರಿ ವಾರ್ಲಿ ಮತ್ತು ಸಂಗಡಿಗರು 2005ರಲ್ಲಿ ಮೂವರು ಗಂಡಸರ ಬಗ್ಗೆ ವರದಿ ಮಾಡಿದರು. ಸಿಂಹ ಮನುಷ್ಯನನ್ನು ಕೊಂದಿತೋ ಮನುಷ್ಯ ಸಿಂಹವನ್ನು ಕೊಂದನೋ ಎಂಬುದು ವಾಕ್ಯದಿಂದ ಅವರಿಗೆ ತಿಳಿಯುತ್ತಿರಲಿಲ್ಲ. ಅದೇ ಮೂವರು 59ರಲ್ಲಿ 13 ಕಳೆಯುವುದಕ್ಕೂ 13ರಲ್ಲಿ 59 ಕಳೆಯುವುದಕ್ಕೂ ಇರುವ ಭೇದವನ್ನು ಸರಿಯಾಗಿ ಗುರುತಿಸಿ ಲೆಕ್ಕ ಮಾಡುತ್ತಿದ್ದರು. ಆವರಣ ಚಿಹ್ನೆಗಳ ಲೆಕ್ಕವನ್ನೂ ಬಿಡಿಸುತ್ತಿದ್ದರು. ಭಾಷೆ ಕುಸಿದರೂ ಯೋಚನೆಯ ಬಹುಭಾಗ ಬೇರೆ ನರಜಾಲಗಳ ಮೇಲೆ ನಿಂತಿರುತ್ತದೆ. ಭಾಷೆಯೇ ಸರ್ವಸ್ವ ಎಂದು ನಂಬಿ ಬದುಕುವ ಸಾಹಿತ್ಯದ ಜನರಿಗೆ ಇದು ಒಪ್ಪಲು ಸ್ವಲ್ಪ ಕಷ್ಟವಾಗಬಹುದು.

ಬ್ರೋಕಾನದೊಂದು ಜಾಗ, ವೆರ್ನಿಕೆಯದೊಂದು ಜಾಗ, ನಡುವೆ ಒಂದು ನರತಂತುಗಳ ಕಟ್ಟು ಎಂಬ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅದನ್ನು ಅಲ್ಲಿಗೇ ಬಿಡುವಂತಿಲ್ಲ. ಬ್ರೋಕಾ ಲೆಬೋರ್ನನ ಮಿದುಳನ್ನು ಸೀಳಿರಲಿಲ್ಲ, ಇಡಿಯಾಗಿ ಕಾಪಿಟ್ಟಿದ್ದ. ಅದರಿಂದ ನಮಗೆ ಮಹದುಪಕಾರವಾಯಿತು. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಲೆಬೋರ್ನ್, ಲೆಲಾಂಗ್ ಇಬ್ಬರ ಹಳೆಯ ಮಿದುಳುಗಳನ್ನೂ ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದರು. ಹಾನಿ ಮೇಲ್ಮೈಯಲ್ಲಿ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತು. ಮುಂದಿನ ಹಿಂದಿನ ಭಾಗಗಳನ್ನು ಜೋಡಿಸುವ ಬಿಳಿಯ ತಂತುಗಳೂ ಕಡಿದಿದ್ದವು. ಬ್ರೋಕಾ ಹೇಳಿದ ಜಾಗವೊಂದೇ ಸಣ್ಣದಾಗಿ ಹಾಳಾದವರಲ್ಲಿ ಮಾತು ಎಷ್ಟೋ ಸಲ ಬೇಗ ಮರಳುವುದೂ ಇದಕ್ಕೆ ಹೊಂದುತ್ತದೆ. ವೆರ್ನಿಕೆಯ ಜಾಗದ ಗಡಿ ಎಲ್ಲಿಂದ ಎಲ್ಲಿಗೆ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಮಾತಿನ ಕೆಲಸ ಹರಡಿಕೊಂಡ ಒಂದು ಜಾಲದ್ದು, ಜಾಲದ ಎಳೆಗಳಿಗೂ ಗಂಟುಗಳಷ್ಟೇ ಬೆಲೆ.

ಓದಿನ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ಪ್ಯಾರಿಸ್ಸಿನ ವೈದ್ಯ ದೆಜರೀನ್ 1892ರಲ್ಲಿ ವರ್ಣಿಸಿದ ರೋಗಿ ಸರಾಗವಾಗಿ ಬರೆಯುತ್ತಿದ್ದ. ತಾನು ಬರೆದದ್ದನ್ನೇ ಓದಲಾರದವನಾಗಿದ್ದ. ಅಕ್ಷರದ ಮೇಲೆ ಬೆರಳಾಡಿಸಿದರೆ ಅದು ಯಾವುದೆಂದು ತಿಳಿಯುತ್ತಿತ್ತು. ಕಣ್ಣು ಕಂಡದ್ದು ಎಡ ಮಿದುಳಿನ ಭಾಷಾಜಾಲವನ್ನು ತಲುಪುವ ದಾರಿ ಕಡಿದಿತ್ತು, ಅಷ್ಟೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬ ರೋಗಿಯಲ್ಲಿ ಕಂಡ ಇಂಥದೇ ಶುದ್ಧ ಓದುನಷ್ಟವನ್ನು ಪ್ರತಿಭಾ ಕಾರಂತ ಅವರು 1981ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷಗಳಷ್ಟೇ ಆಗಿರುವುದರಿಂದ ಓದಿಗೆಂದು ಹುಟ್ಟಿನಿಂದ ಮೀಸಲಾದ ಜಾಗ ಮಿದುಳಿನಲ್ಲಿ ಇರಲಾರದು; ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ಭಾಗದ ಒಂದು ತುಂಡನ್ನು ಅಕ್ಷರಾಭ್ಯಾಸ ತನಗಾಗಿ ಪಳಗಿಸಿಕೊಳ್ಳುತ್ತದೆ ಎಂಬುದು ನರವಿಜ್ಞಾನಿ ಸ್ತಾನಿಸ್ಲಾಸ್ ದೆಹಾನ್ ಅವರ ವಾದ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳಿರುವ ನಮ್ಮ ಲಿಪಿಯಲ್ಲಿ ಈ ಪಳಗಿಸುವಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಒತ್ತಕ್ಷರ ತಪ್ಪಿದ ಮಗುವಿಗೆ ಬೈಯುವ ಮೊದಲು ಮೇಷ್ಟ್ರುಗಳು ಇದನ್ನು ನೆನೆಯಬೇಕು.

ಮಾತು ಪೂರ್ತಿ ಹೋದವರಲ್ಲೂ ಕೆಲವು ತುಣುಕುಗಳು ಉಳಿಯುತ್ತವೆ. ಲೆಬೋರ್ನನ ಬೈಗುಳ ಅಂಥದು. ವಾರದ ಹೆಸರು, ಮಗ್ಗಿ, ಸಂಧ್ಯಾವಂದನೆಯ ಮಂತ್ರ, ಭಜನೆ ಇವೆಲ್ಲ ಬಾಯಿಪಾಠದ ಸರಪಳಿಯಾಗಿ ಬೇರೆ ದಾರಿಯಲ್ಲಿ ಬರುತ್ತವೆ. ಬಲ ಮಿದುಳಿನ ಪಾಲೂ ಇದರಲ್ಲಿದೆ. ನನ್ನ ಬಳಿ ಬರುತ್ತಿದ್ದ ಒಬ್ಬ ನಿವೃತ್ತ ಶಾಲಾ ಮಾಸ್ತರರಿಗೆ ಮೊಮ್ಮಕ್ಕಳು ಎಷ್ಟು ಎಂದು ಕೇಳಿದರೆ ಅಂಕಿ ನೇರವಾಗಿ ಬಾಯಿಗೆ ಬರುತ್ತಿರಲಿಲ್ಲ. ತೊಡೆಯ ಮೇಲೆ ಬೆರಳು ತಟ್ಟುತ್ತ "ಒಂದು, ಎರಡು, ಮೂರು, ನಾಲ್ಕು" ಎಂದು ಎಣಿಸುತ್ತ ಹೋಗಿ, ಐದಕ್ಕೆ ಬಂದಾಗ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು, ಅದನ್ನು ಹೊರಗೆ ತರಲು ಎಣಿಕೆಯ ಮೆಟ್ಟಿಲು ಬೇಕಿತ್ತು. 1970ರ ದಶಕದಲ್ಲಿ ಬಾಸ್ಟನ್‌ನಲ್ಲಿ ರೂಪುಗೊಂಡ ಚಿಕಿತ್ಸಾಕ್ರಮವೊಂದು ಇದೇ ತತ್ವದ ಮೇಲೆ ನಿಂತಿದೆ: ರೋಗಿಯ ಎಡಗೈ ಹಿಡಿದು ತಾಳ ಹಾಕಿಸುತ್ತ, ಬೇಕಾದ ಮಾತನ್ನು ಎರಡು ಸ್ವರಗಳಲ್ಲಿ ಹಾಡಿಸಿ, ಕ್ರಮೇಣ ರಾಗ ತೆಗೆದು ಮಾತಿಗೆ ಇಳಿಸುವುದು. "ನೀರು ಕೊಡು" ಎಂಬುದು ಹಾಡಿನಂತೆ ಬಂದರೂ ಬಾಯಾರಿದವರಿಗೆ ನೀರು ಸಿಗುತ್ತದೆ.

ನಮ್ಮ ರೋಗಿಗಳಿಗೆ ಒಂದೇ ಭಾಷೆ ಇರುವುದು ಕಡಿಮೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್. ಮಿದುಳಿಗೆ ಪೆಟ್ಟು ಬಿದ್ದಾಗ ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಜೊತೆಯಾಗಿ ಕುಗ್ಗಿ ಜೊತೆಯಾಗಿ ಚೇತರಿಸಿಕೊಳ್ಳುತ್ತವೆ. ಕೆಲವರಲ್ಲಿ ಒಂದು ಮುಂದೆ, ಒಂದು ಹಿಂದೆ. ಹಾಗಾಗಿ ಗೊಂದಲವಾಗದಿರಲಿ ಎಂದು ಮನೆಯವರೆಲ್ಲ ಒಂದೇ ಭಾಷೆಗೆ ಇಳಿಯಬೇಕಿಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ಮಂದಿಯನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಸರಾದದ್ದು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು, ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಕಂಡಿತು. ಅದೇ ತಂಡ ಲಕ್ವ ಹೊಡೆದ 608 ಮಂದಿಯನ್ನು ನೋಡಿದಾಗ, ಬಹುಭಾಷಿಗಳಲ್ಲಿ ಗ್ರಹಣಶಕ್ತಿ ಪೂರ್ಣ ಉಳಿದವರು ಶೇ. 40ರಷ್ಟಿದ್ದರೆ ಏಕಭಾಷಿಗಳಲ್ಲಿ ಶೇ. 20ರಷ್ಟಿದ್ದರು. ಮಾತು ಹೋಗುವ ಸಾಧ್ಯತೆ ಮಾತ್ರ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು.

ಇನ್ನು ಮನೆಗೆ ಕೊಂಡೊಯ್ಯಬೇಕಾದ ವಿಷಯ. ಯಾರದಾದರೂ ಮುಖ ಒಂದು ಕಡೆ ವಾಲಿದರೆ, ಒಂದು ತೋಳು ಎತ್ತಲಾಗದಿದ್ದರೆ, ಮಾತು ತೊದಲಿದರೆ ಅಥವಾ ಅಸಂಬದ್ಧವಾದರೆ ಆ ಕ್ಷಣದ ಗಡಿಯಾರ ನೋಡಿ, ಮಿದುಳಿನ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ವೈದ್ಯರು ಮೊದಲು ಕೇಳುವುದೇ ಇವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು. ಎಣ್ಣೆ ತಿಕ್ಕಿಸುವುದು, ನಾಟಿ ಔಷಧಿಗೆಂದು ಊರೂರು ಅಲೆಯುವುದು ಆ ನಾಲ್ಕೂವರೆ ಗಂಟೆಗಳಲ್ಲಿ ಬೇಡವೇ ಬೇಡ.

ಮಾತು ಹೋದವರ ಎದುರು ಅವರ ಬಗ್ಗೆ ಮೂರನೆಯವರಂತೆ ಮಾತಾಡಬೇಡಿ. ಜೋರಾಗಿ ಕೂಗಬೇಡಿ, ಅವರ ಕಿವಿ ಚೆನ್ನಾಗಿದೆ. ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ವಿಷಯ ಕೇಳಿ, ಕೇಳಿದ ಮೇಲೆ ಕಾಯಿರಿ. ಕಾಫಿ ಬೇಕೋ ಟೀ ಬೇಕೋ ಎಂದು ಎರಡು ಲೋಟ ತೋರಿಸಿ. ಇವರಲ್ಲಿ 'ಹೌದು', 'ಇಲ್ಲ'ಗಳೇ ಅದಲುಬದಲಾಗುವುದುಂಟು. ಆದ್ದರಿಂದ ಹೆಬ್ಬೆರಳು ಮೇಲೆ ಕೆಳಗೆ ಮಾಡುವುದನ್ನೂ ಜೊತೆಗೆ ರೂಢಿಸಿ. ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೂ ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ಆರು ತಿಂಗಳಿಗೆ ಕೈಚೆಲ್ಲಬೇಡಿ.

ಕೊನೆಯದಾಗಿ, ಈ ಸಭೆಯಲ್ಲಿರುವ ಕನ್ನಡ ಅಧ್ಯಾಪಕರಲ್ಲಿ ಒಂದು ಬೇಡಿಕೆ. 1960ರ ದಶಕದಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದ ಮೇಲೆ ಈ ಕ್ಷೇತ್ರಕ್ಕೆ ಕನ್ನಡದಲ್ಲಿ ನೆಲೆ ಸಿಕ್ಕಿತು. ಮಿದುಳಿನ ಹಾನಿಯಿಂದಾಗುವ ಭಾಷಾನಷ್ಟವನ್ನು, ಅಂದರೆ ಅಫೇಸಿಯಾವನ್ನು, ಅಳೆಯಲು ಪಾಶ್ಚಾತ್ಯರು ರೂಪಿಸಿದ ಪರೀಕ್ಷೆಯ ಕನ್ನಡ ರೂಪವೂ ಬಳಕೆಯಲ್ಲಿದೆ. ಆದರೆ ಚಿಕಿತ್ಸೆಯ ಕೊಠಡಿಗೆ ಬರುವುದು ಒಂದೇ ಕನ್ನಡವಲ್ಲ. ಕುಂದಾಪುರದ ಮೀನುಗಾರರು, ಕಲಬುರಗಿಯ ತೊಗರಿ ಬೆಳೆಗಾರರು, ಕೋಲಾರದ ರೇಷ್ಮೆ ಮಾರುಕಟ್ಟೆಯ ದಲ್ಲಾಳಿಗಳು, ಕೊಡಗಿನ ತೋಟದ ಕೂಲಿಯವರು ದಿನವೂ ಆಡುವ ಪದಗಳು ಯಾವುವು, ಅವರ ಕ್ರಿಯಾಪದಗಳು ಹೇಗೆ ಮುಗಿಯುತ್ತವೆ, ಅವರ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವ ಸೋಬಾನೆ, ಗಾದೆ, ಒಗಟು ಯಾವುವು ಎಂಬ ಪಟ್ಟಿ ನಮ್ಮಂಥವರಿಗೆ ಬೇಕು. ಉಪಭಾಷೆಗಳ ಕ್ಷೇತ್ರಕಾರ್ಯ ಮಾಡುವುದು ನಿಮಗೆ ಗೊತ್ತು, ನಮಗೆ ಗೊತ್ತಿಲ್ಲ. ಎಂ.ಎ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಆಡುಮಾತನ್ನು ಅರ್ಧ ಗಂಟೆ ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಊರು ಮತ್ತು ಕಸುಬು ನಮೂದಿಸಿ ಕೊಟ್ಟರೂ ಸಾಕು, ನಾಳೆಯಿಂದಲೇ ಅದು ಕೆಲಸಕ್ಕೆ ಬರುತ್ತದೆ. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಮನಸ್ಸಿರುವವರು ಬಂದು ಮಾತಾಡಿ, ಕೆಲಸವನ್ನು ಇಂದೇ ಹಂಚಿಕೊಳ್ಳೋಣ.